ಮುಕಾದಮನ ಮನಸ್ಸು

ಆಗಸ್ಟ್ ಹದಿನೇಳು, ರವಿವಾರ.

ಇವತ್ತ ನಿಗಡಿ ಏರಿಯಾದ ಚರ್ಚಿನ್ಯಾಗ ಪಾಸ್ಟರಿಗೆ ಕೇಳೇಬಿಟ್ಟೆ: "ಖರಾಡಿಯೊಳಗ ಕಟ್ಟೋ ಬಿಲ್ಡಿಂಗ್ ಮ್ಯಾಲಿಂದ ನಮ್ಮಣ್ಣ ಬಿದ್ದು ಸತ್ತಾಗ ದೇವರು ಎಲ್ಲಿದ್ದರಿ?"

"ದೇವರು ಮನುಷ್ಯಾಗ ಸ್ವಂತ ಇಚ್ಛಾ ಕೊಟ್ಟಾನ, ತಮ್ಮಾ ದೇವಪುತ್ರ. ಸೇಫ್ಟಿ ಬೆಲ್ಟ್ ಕೊಡಲಾರ್ದೇ ಮ್ಯಾಲ ಹತ್ತಿಸಿದ್ದು ಕೂಲಿಯವ್ರನ್ನ ದುಡಿಸೋ ಮುಕಾದಮನ ಇಚ್ಛಾ. ಅದರಾಗ ದೇವರು ಕೈ ಹಾಕಲ್ಲಪ್ಪ" ಅಂದ್ರು.

ಆಮ್ಯಾಲ ದೇವರು ಮಾಡಿದ ಉಪಕಾರದ ಸಾಕ್ಷಿ ಹೇಳೋ ಹೊತ್ತಿಗೆ ಚರ್ಚಿಗೆ ಬರೋ ಸುಗಂಧಾಬಾಯಿ ಎದ್ದು ನಿಂತಳು. "ಮನಿ ಖಾಲಿ ಮಾಡ್ರಿ ಅಂದಿದ್ದ ಮಾಲಕನ ಮನಸ್ಸು ದೇವರು ತಿರುಗಿಸಿದ್ರಿ!" ಎಲ್ಲಾರಕಿಂತ ಜೋರಾಗಿ ಹಲ್ಲೆಲೂಯಾ ಅಂದವರು ಪಾಸ್ಟರೇ.

ಮಾಲಕನ ಮನಸ್ಸು ತಿರುಗಿಸ್ಲಾಕ ಬರ್ತದ, ಮುಕಾದಮಂದು ಬರಲ್ಲೇನು? ಬಾಡಿಗಿ ಮನಿಗಿಂತ ನಮ್ಮಣ್ಣ ಹಗುರಾದನೇನು?

ಈಗ ಊರಿಂದ ಅವ್ವ ಫೋನ್ ಮಾಡಿ, "ಪ್ರಾರ್ಥನಾ ಮಾಡಿ ಮಲ್ಕೋ ಮಗಾ" ಅಂದಳು. ಸುರು ಮಾಡಿದೆ. "ನಿನ್ನ ಚಿತ್ತ ನೆರವೇರಲಿ" ಅನ್ನೋ ತನಕ ಬಂದೆ. ಅದು ಬಾಯಿಂದ ಬರವಲ್ದು. ಇನ್ನಾ ಮಂಡಿ ಊರಿಕೊಂಡೇ ಕುಂತೀನಿ...