ಚುಚ್ಚದ ಕಂಬಳಿ

ಕೆಸ್ವಿಕ್, ಭಾನುವಾರ

ಮುದ್ದು ಅಪ್ಪಾ,

ನನ್ನ ಮದುವೆಗೆ ನೀನು ಬರಲಿಲ್ಲ, ಇರಲಿ. ನಾನಂತೂ ಇನ್ನೂ ಕುಣಿಯುತ್ತಲೇ ಇದ್ದೇನೆ! ನನ್ನ ಗಂಡ ಡಂಕನ್ ಹಳೆಯ ಸೈನ್ಯದ ಬೂದು ಕಂಬಳಿಯನ್ನು ಥೇಟ್ ಹಾಗೇ ನೇಯ್ದಿದ್ದ. ಆದರೆ ಸೈನಿಕರ ವೇಷ ತೊಟ್ಟು ಶಿಬಿರ ಹೂಡುವ ಗೆಳೆಯರು ಹೊದ್ದು ನೋಡಿ ವಾಪಸ್ ತಂದರು.

“ಚುಚ್ಚೋದೇ ಇಲ್ವಲ್ಲೋ! ಇದೇನು ಸೈನ್ಯಾನೋ, ಮಾವನ ಮನೇನೋ?”

ಆ ಮನೆಯನ್ನು ಅವನಿನ್ನೂ ನೋಡಿಲ್ಲ. ಪಾಪ, ಮುಖ ಸಪ್ಪಗಾಯಿತು.

ನಿನ್ನ ಗುಡ್ಡದ ಕುರಿಗಳ ಒರಟು ಉಣ್ಣೆ ಕೊಡುವೆಯಾ? ಇಲ್ಲದಿದ್ದರೆ ಅವನು ಮಗ್ಗವನ್ನೇ ಮಾರುತ್ತಾನಂತೆ. ಅಂಥ ಕಂಬಳಿ ಹೊದ್ದ ನಿಜವಾದ ಸೈನಿಕ ನನಗೆ ಗೊತ್ತಿರುವುದು ನೀನೊಬ್ಬನೇ. ಅದು ಚುಚ್ಚುತ್ತಿದ್ದುದು ಕುತ್ತಿಗೆಗೋ, ಮೊಣಕಾಲಿಗೋ? ಮಳೆಗೆ ನೆನೆದರೆ ಯಾವ ವಾಸನೆ? ನೇಯ್ದ ಮೇಲೆ ನೀನೇ ಬಂದು ಹೊದ್ದು ನೋಡು. ಅವನೊಡನೆ ಮಾತಾಡಬೇಕಿಲ್ಲ, ಮೈ ಕೆರೆದುಕೊಂಡರೆ ಸಾಕು.

ನಿನ್ನವಳೇ,
ಟಾಮ್ಸಿನ್