ಹೊಸ್ತಿಲಲ್ಲಿ ನಿಂತು ಕೇಳುವ ಫಾರಂ

ಪಣಕಹಳ್ಳಿ

ಹಾಸನೂರಿನಲ್ಲಿರುವ ನನ್ನ ಒಬ್ಬನೇ ತಮ್ಮ ಶಿವಮಲ್ಲುವಿಗೆ, ನಿನ್ನಕ್ಕ ಬಂಗಾರಮ್ಮ ಮನೆಯ ಹೊಸ್ತಿಲ ಬಳಿ ಕೂತು ಬರೆಯುತ್ತಿರುವ ಕಾಗದ.

ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ನಡುನಡುವೆ ಬಾಯಿ ಹಾಕುತ್ತೀಯ. ಕಾಗದವಾದರೆ ಕೊನೆಯವರೆಗೆ ಸುಮ್ಮನೆ ಓದಲೇಬೇಕು.

ಮೊನ್ನೆ ನೀನು ನಮ್ಮ ಬೀಜದ ವೆಬ್‌ಸೈಟಿನಲ್ಲಿ ಫಾರಂ ತುಂಬಿದೆ. ಹೆಸರಿನ ಜಾಗದಲ್ಲಿ ನಿನ್ನ ಹೆಂಡತಿ ಶಕುಂತಲಳ ಹೆಸರು ಹಾಕಿದೆ. ಕೇಳಿದ್ದು ಅವ್ವನ ಕರಿಗಣ್ಣಿನ ಅವರೆ. ಫಾರಂ ನಿನ್ನನ್ನು ಅರ್ಧದಲ್ಲೇ ನಿಲ್ಲಿಸಿತು. ಕೂಡಲೇ ನನ್ನ ಸೊಸೆ ಪವಿತ್ರಳಿಗೆ ಫೋನು ಮಾಡಿ, "ನಿಮ್ಮತ್ತೆ ಮಿಷನ್ನು ಕೆಟ್ಟೋಗದ ಕಣವ್ವ, ನನ್ನ ಒಳಕ್ಕೇ ಬುಡ್ತಿಲ್ಲ" ಎಂದು ಕೂಗಾಡಿದೆಯಂತೆ. ಅದು ಕೆಟ್ಟಿಲ್ಲ ಮಲ್ಲು. ಹೇಗೆ ನಡೆಯಬೇಕೆಂದು ನಾನು ಹೇಳಿದ್ದೆನೋ ಹಾಗೇ ನಡೆಯಿತು.

ಅವ್ವ ಬೀಜ ಕೊಡುತ್ತಿದ್ದ ರೀತಿಯನ್ನು ನೀನೂ ನೋಡಿದ್ದೀಯ. ತಾನು ಹೊಸ್ತಿಲೊಳಗೆ, ಕೇಳಿಬಂದವರು ಆಚೆ. ಮಡಕೆಯ ಬಾಯಿಗೆ ಮೆತ್ತಿದ ಸಗಣಿ ಒಡೆಯುವ ಮೊದಲು ವಿಚಾರಣೆ. "ಯಾವ ಒಲಕ್ಕ? ಕೆಂಪು ಮಣ್ಣಾ, ಕರಿ ಮಣ್ಣಾ? ಓದ್ಸಲ ಒಯ್ದದ್ದು ತಂದ್ಯಾ?" ಉತ್ತರ ಒಪ್ಪಿಗೆಯಾದರೆ ಬೂದಿ ಕೊಡವಿ, ಪಾವಿನಲ್ಲಿ ಅಳೆದು, ಚಾಚಿದ ಸೆರಗಿಗೋ ಟವೆಲ್ಲಿಗೋ ಸುರಿಯುತ್ತಿದ್ದಳು. ಒಂದು ಪಾವು ಒಯ್ದವರು ಸುಗ್ಗಿಯಾದ ಮೇಲೆ ಎರಡು ಪಾವು ತರಬೇಕು. ದುಡ್ಡು ತಂದವರಿಗೆ, "ಸಂತಗ ಓಗಪ್ಪ, ಅಲ್ಲಿ ಸಿಕ್ತದ" ಎನ್ನುತ್ತಿದ್ದಳು. ನಮ್ಮವ್ವ ಪುಟ್ಟನಂಜಮ್ಮನ ಮನೆಯ ಬೀಜ ಎಂದರೆ ಸುತ್ತ ಹತ್ತು ಹಳ್ಳಿ ತಲೆಬಾಗುತ್ತಿತ್ತು. ಆ ಮಡಕೆಗಳನ್ನು ಅವಳು ಗಂಡುಮಗನಾದ ನಿನಗೆ ಕೊಡಲಿಲ್ಲ. ನನ್ನ ಕೈಗೆ ಕೊಟ್ಟು ಹೋದಳು.

ಆದರೆ ಕೇಳಿಬರುವವರೇ ಇಲ್ಲವಾದರು. ಎಲ್ಲರ ಮನೆಗೂ ಅಂಗಡಿಯ ಪೊಟ್ಟಣ ಬಂತು. ಬಿತ್ತದೆ ಕೂತ ಬೀಜ ಮಡಕೆಯಲ್ಲೇ ಸಾಯುತ್ತದೆ. ನನ್ನ ಒಂದು ಹೊಲದಲ್ಲಿ ಎಷ್ಟನ್ನು ಉಳಿಸಲಿ? ಅವ್ವನ ಬೀಜ ನನ್ನ ಕಾಲಕ್ಕೆ ಮುಗಿದುಹೋಯಿತು ಎಂಬ ಮಾತು ಬರುವುದು ನನಗೆ ಬೇಡವಾಗಿತ್ತು. ಆಗ ಪವಿತ್ರ, "ಅತ್ತೆ, ಕೇಳೋರು ಇಲ್ಲಿಗೆ ಬರ್ನಿಲ್ಲ ಅಂದ್ರ ನಾವೇ ಅವರತ್ರ ಓಗವ" ಎಂದು ವೆಬ್‌ಸೈಟ್ ಮಾಡಿದಳು.

ಗೆಟ್ಟವಾಡಿಯ ಮದುವೆ ಊಟದಲ್ಲಿ ನೀನು ಎಲ್ಲರ ಮುಂದೆ ನಕ್ಕದ್ದು ನನಗೆ ಮರೆತಿಲ್ಲ. "ಅಕ್ಕಾ, ಸುಮ್ನ ಬೆಲೆ ಅಚ್ಚಿ ಅಂಗಡಿ ಮಡಗು. ನೀ ಕೇಳೋ ಪ್ರಶ್ನೆಗೆಲ್ಲ ಕಂಪ್ಯೂಟ್ರು ಎದುರ್ಕೊಂಡು ಓಡೋಯ್ತದ" ಎಂದೆ. ಪಕ್ಕದ ಎಲೆಯವರೂ ನಕ್ಕರು. ನಾನು ಪಾಯಸ ಮುಗಿಸಿ ಎದ್ದೆ.

ವೆಬ್‌ಸೈಟ್ ಒಂದು ಮನೆ ಎಂದುಕೋ. ಬಂದವರನ್ನು ಮಾತಾಡಿಸುವ ಫಾರಂ ಅದರ ಬಾಗಿಲು. ಆ ಬಾಗಿಲನ್ನು ನಾವೇ ಕೂತು ಕೆತ್ತಬೇಕಾಗಿಲ್ಲ, ಮಾಡಿಟ್ಟದ್ದು ಬೇಕಾದಷ್ಟು ಸಿಗುತ್ತದೆ. ತಂದು ಜೋಡಿಸಿಕೊಳ್ಳಬೇಕು. ಅದಕ್ಕೆ ಪ್ಲಗಿನ್ ಎನ್ನುತ್ತಾರೆ. ಯಾವುದನ್ನು ತರಬೇಕು ಎನ್ನುವುದೇ ಕಷ್ಟ. ಪವಿತ್ರ ಸತ್ಯಮಂಗಲದಲ್ಲಿ ಕಂಪ್ಯೂಟರ್ ಓದಿದವಳು, ಅವಳಿಗೆ ಅಂದ ಮುಖ್ಯ. ಮೊದಲು ತಂದದ್ದು ಬಣ್ಣಬಣ್ಣವಾಗಿತ್ತು. ನಾನು ಹತ್ತನೇ ತರಗತಿ ಮುಗಿಸಿದವಳು, ಎತ್ತು ಕೊಳ್ಳುವಾಗ ಹಲ್ಲು ನೋಡುವವಳು. "ಇರವ್ವ, ನಾ ಇದಕ್ಕ ಸುಳ್ಳು ಹೇಳ್ತೀನಿ, ಹಿಡೀತದಾ ನೋಡವ" ಎಂದು ಮುಂದೆ ಕೂತೆ.

ನನಗೆ ಹೊಲವಿಲ್ಲ, ಮಹಡಿಯ ಮೇಲೆ ಒಂದು ಹೂವಿನ ಕುಂಡವಿದೆ, ಅದರಲ್ಲಿ ರಾಗಿ ಬಿತ್ತುತ್ತೇನೆ ಎಂದು ಬರೆದೆ. ಹೋದವರ್ಷ ಒಯ್ದದ್ದನ್ನು ಹುರಿದು ತಿಂದೆ ಎಂದೂ ಬರೆದೆ. ಅದು ಹಸಿರು ಗುರುತು ತೋರಿಸಿ "ಧನ್ಯವಾದಗಳು" ಎಂದಿತು. ಸುಳ್ಳ ಬಂದರೂ ಕಳ್ಳ ಬಂದರೂ ಕೈಮುಗಿಯುವ ಬಾಗಿಲು ನನ್ನ ಮನೆಗೆ ಬೇಡ ಎಂದೆ. ತೆಗೆಸಿದೆ.

ಎರಡನೆಯದು ಬೆಲೆ ಕೇಳದೆ ಮುಂದೆ ಹೋಗುತ್ತಿರಲಿಲ್ಲ. ಪವಿತ್ರ ಬೆಲೆಯ ಜಾಗದಲ್ಲಿ ಸೊನ್ನೆ ಹಾಕಿದಳು. ಅದು ತಾನಾಗಿಯೇ "ಉಚಿತ" ಎಂದು ಬೋರ್ಡು ಹಾಕಿಕೊಂಡಿತು. ಆ ಒಂದು ಪದಕ್ಕೆ ಎಲ್ಲೆಲ್ಲಿಂದಲೋ ಜನ ನುಗ್ಗಿದರು. ಒಬ್ಬಳು ಗಾಜಿನ ಬಾಟಲಿಯಲ್ಲಿಟ್ಟು ಅಲಂಕಾರ ಮಾಡುತ್ತಾಳಂತೆ, ಎಲ್ಲ ಬಗೆಯದೂ ಒಂದೊಂದು ಹಿಡಿ ಬೇಕಂತೆ. ಅವ್ವನ ಬೀಜ ಉಚಿತವಲ್ಲ ಮಲ್ಲು. ಅದಕ್ಕೆ ಬೆಲೆ ಇಲ್ಲ, ಆದರೆ ಒಂದು ಬೆಳೆಯ ಕೆಲಸವಿದೆ. ಆ ವ್ಯತ್ಯಾಸ ತಿಳಿಯದ ಬಾಗಿಲನ್ನೂ ಕೀಳಿಸಿದೆ.

ಪವಿತ್ರಳ ಮುಖ ಊದಿಕೊಂಡಿತು. "ನೀವು ಸೊಸೆ ಹುಡುಕ್ದಾಗಲೂ ಹಿಂಗ ಆಡಿದ್ರಾ ಅತ್ತೆ?" ಎಂದಳು. "ಇದಕ್ಕಿಂತ ಜಾಸ್ತಿ" ಎಂದೆ. ಅವಳು ನಕ್ಕುಬಿಟ್ಟಳು, ಮತ್ತೆ ಹುಡುಕಲು ಕೂತಳು.

ಮೂರನೆಯದು ನೋಡುವುದಕ್ಕೆ ಏನೂ ಇಲ್ಲ, ಬೋಳು. ಆದರೆ ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳುತ್ತದೆ. ಆ ಉತ್ತರ ನೋಡಿಕೊಂಡು ಮುಂದಿನ ಪ್ರಶ್ನೆ. ಕರಿ ಮಣ್ಣು ಎಂದವರಿಗೆ ಕೆಂಪು ಮಣ್ಣಿನ ಬೀಜವನ್ನು ತೋರಿಸುವುದೇ ಇಲ್ಲ. ನಾವು ಬೇಡವೆಂದರೆ ಬೆಲೆ ಎಂಬ ಮಾತೇ ಎತ್ತುವುದಿಲ್ಲ. ಕನ್ನಡದಲ್ಲೂ ಕೇಳುತ್ತದೆ, ತಮಿಳಿನಲ್ಲೂ ಕೇಳುತ್ತದೆ. ಯಾವ ರಾಜ್ಯ ಎಂಬ ಪ್ರಶ್ನೆಯಿತ್ತು, ತೆಗೆಸಿದೆ. ನಮ್ಮ ಕಡೆ ಒಂದೇ ಮನೆಯವರ ಹೊಲ ಗಡಿಯ ಎರಡೂ ಕಡೆ ಇರುತ್ತದೆ. ಅದರ ಬದಲು, ಬೀಜವನ್ನು ಯಾವ ಬಸ್ಸಿಗೆ ಹಾಕಬೇಕು, ಯಾವ ಸ್ಟಾಪಿನಲ್ಲಿ ಯಾರು ನಿಂತಿರುತ್ತಾರೆ ಎಂದು ಹಾಕಿಸಿದೆ. ಆಮೇಲೆ ನನ್ನ ಹೂವಿನ ಕುಂಡದ ಸುಳ್ಳನ್ನು ಮತ್ತೆ ಬರೆದೆ. "ಬಿತ್ತಲು ಹೊಲ ಸಿಕ್ಕಾಗ ಬನ್ನಿ" ಎಂದು ಅಲ್ಲೇ ಬಾಗಿಲು ಹಾಕಿಕೊಂಡಿತು. ಅವ್ವನೇ ಒಳಗೆ ನಿಂತ ಹಾಗಾಯಿತು. "ಇದೇ ಇರ್ಲಿ" ಎಂದೆ.

ಕಂಪ್ಯೂಟರು ಓಡಿಹೋಗಲಿಲ್ಲ ಮಲ್ಲು. ಜನವೂ ಓಡಿಹೋಗಲಿಲ್ಲ. ಅಷ್ಟು ಪ್ರಶ್ನೆಗೂ ತಾಳ್ಮೆಯಿಂದ ಉತ್ತರ ಕೊಟ್ಟು ಕೊಳ್ಳೇಗಾಲದ ಕಡೆಯವರು ಒಯ್ದರು, ಘಟ್ಟದ ಕೆಳಗೆ ಸತ್ಯಮಂಗಲದವರು ಒಯ್ದರು, ನಮ್ಮ ಗೆಟ್ಟವಾಡಿಯವರೇ ಒಯ್ದರು. ಈ ಸುಗ್ಗಿಯಲ್ಲಿ ಒಂದಕ್ಕೆ ಎರಡಾಗಿ ವಾಪಸ್ಸು ಬಂತು. ಬಟ್ಟೆಯಲ್ಲಿ ಕಟ್ಟಿದ ಗಂಟುಗಳು ಬಸ್ಸಿನಲ್ಲಿ ಬಂದಿಳಿಯುತ್ತವೆ. ಕಂಡಕ್ಟರ್ ಫುಟ್‌ಬೋರ್ಡಿನಲ್ಲಿ ನಿಂತು, "ಬೀಜದವ್ವ, ನಿಮ್ಮ ಮಕ್ಕಳು ಬಂದವ್ರ, ಇಳಿಸ್ಕಳಿ" ಎಂದು ಕೂಗುತ್ತಾನೆ. ಇದ್ದ ಮಡಕೆ ಸಾಲದೆ ಹೊಸದು ತರಿಸಿದೆ. ಮದುವೆ ಊಟದಲ್ಲಿ ನಕ್ಕವರ ಪೈಕಿ ಇಬ್ಬರು ಫಾರಂ ತುಂಬಿದ್ದಾರೆ.

ಈಗ ನಿನ್ನ ವಿಷಯ.

ಕಾಡಂಚಿನ ಹೊಲಕ್ಕೆ ಅವರೆ ಹಾಕಬೇಡ, ಮನೆ ಹಿಂದಿನದಕ್ಕೆ ಹಾಕು ಎಂದು ನಿನಗೆ ಹೇಳಿಯೇ ಬೀಜ ಕೊಟ್ಟಿದ್ದೆ. ನೀನು ಕಾಡಂಚಿಗೇ ಹಾಕಿದೆ. ಕಾಯಿ ತುಂಬುವ ಹೊತ್ತಿಗೆ ಆನೆ ಇಳಿದವು. ಈ ಸುದ್ದಿ ನನಗೆ ಅದೇ ವಾರ ಮುಟ್ಟಿತು. ನೀನು ಮಾತ್ರ ಹೇಳಲಿಲ್ಲ. ಅಂದಿನಿಂದ ಮದುವೆ ಮನೆಗಳಲ್ಲಿ ಸಿಕ್ಕಿ ನಗಾಡುತ್ತೀಯೇ ಹೊರತು ನನ್ನ ಹೊಸ್ತಿಲಿಗೆ ಬಂದಿಲ್ಲ. ಹಬ್ಬಕ್ಕೆ ನಿನ್ನ ಎಲೆ ಹಾಕಿಸಿ ಕಾಯುತ್ತೇನೆ, ಆಮೇಲೆ ತೆಗೆಸುತ್ತೇನೆ.

ಫಾರಂ ನಿನ್ನನ್ನು ಕೇಳಿತು, ಮೊದಲು ಒಯ್ದಿದ್ದೀರಾ ಎಂದು. ನೀನು ಹೌದು ಎಂದೆ. ಹಿಂದಿರುಗಿಸಿದಿರಾ ಎಂದಾಗ ಇಲ್ಲ ಎಂದೆ. ಯಾಕೆ ಎಂದು ಕೇಳಿ ಅದು ನಾಲ್ಕು ಉತ್ತರ ತೋರಿಸಿತು. ಮರೆತೆ, ತಿಂದುಬಿಟ್ಟೆ, ಮಳೆ ಬರಲಿಲ್ಲ, ಆನೆ ತಿಂದವು. ನೀನು ಒತ್ತಿದ್ದು "ಮರೆತೆ". ಅಕ್ಕನ ಮಾತು ಮೀರಿ ಸೋತೆ ಎನ್ನುವುದಕ್ಕಿಂತ ಅವ್ವನ ಬೀಜವನ್ನೇ ಮರೆತೆ ಎನ್ನುವುದು ನಿನಗೆ ಸಲೀಸಾಯಿತೇನೋ? ಮರೆತವರಿಗೆ ಈ ವರ್ಷ ಬೀಜವಿಲ್ಲ ಎಂದು ಅದು ನಿಲ್ಲಿಸಿತು.

ಆನೆ ತಿಂದದ್ದಕ್ಕೆ ಅವ್ವ ಯಾವತ್ತೂ ವಾಪಸ್ಸು ಕೇಳಿದವಳಲ್ಲ. ಪವಿತ್ರ ಮೂರು ಉತ್ತರ ಸಾಕು ಎಂದಿದ್ದಳು. ನಾಲ್ಕನೆಯದನ್ನು ಪಕ್ಕದಲ್ಲಿ ಕೂತು ನಾನು ಬರೆಸಿದೆ. ಯಾರಿಗಾಗಿ ಎಂದು ಅವಳಿಗೂ ಹೇಳಲಿಲ್ಲ. ನಿನಗಾಗಿ ಕಣೋ.

ಮತ್ತೆ ಫಾರಂ ತುಂಬಬೇಡ. ಬೆಳಗಿನ ಬಸ್ಸಿಗೆ ಬಾ. ಹೊಸ್ತಿಲ ಆಚೆ ನಿಂತು, ಆ ನಾಲ್ಕನೆಯ ಉತ್ತರವನ್ನು ನಿನ್ನ ಬಾಯಿಂದಲೇ ಹೇಳು. ಮಡಕೆಯ ಬಾಯಿ ಒಡೆದು, ಬೂದಿ ಕೊಡವಿ, ಅವ್ವನ ಪಾವಿನಲ್ಲೇ ಅಳೆದು ಕೊಡುತ್ತೇನೆ. ಈ ಸಲ ಮನೆ ಹಿಂದಿನ ಹೊಲಕ್ಕೆ ಹಾಕು. ಊಟ ಮಾಡಿಕೊಂಡೇ ಹೋಗಬೇಕು.

ನೀನು ಬಿತ್ತಿದ್ದೆಲ್ಲ ಮೊಳೆಯಲಿ, ಮೊಳೆತದ್ದೆಲ್ಲ ಮನೆ ಸೇರಲಿ, ಶಕುಂತಲ ಮಕ್ಕಳೊಂದಿಗೆ ಚೆನ್ನಾಗಿರಲಿ ಎಂದು ಹರಸುವ

ನಿನ್ನ ಅಕ್ಕ
ಬಂಗಾರಮ್ಮ

ಬರುವಾಗ ಹೆಗಲ ಮೇಲೆ ಟವೆಲ್ ಇರಲಿ. ಮರೆತೆ ಎಂದರೆ ನಾನು ನಂಬುವುದಿಲ್ಲ.