ನದಿ ದಂಡೆಗೆ ನಾನೂ ಹೋದೆ

ರೀ,

ನೀವು ತೀರಿಕೊಂಡು ಮೂರು ತಿಂಗಳಾಯಿತು. ಇವತ್ತು ಬೆಳಿಗ್ಗೆ ನಿಮ್ಮ ದುರ್ಬೀನು ಕೊರಳಿಗೆ ಹಾಕಿಕೊಂಡು ಪೇಟೆ ಸೇತುವೆಯ ಕೆಳಗಿನ ದಂಡೆಗೆ ಹೋಗಿದ್ದೆ. ಇಪ್ಪತ್ತೆರಡು ವರ್ಷ, ಭಾನುವಾರ ಹಕ್ಕಿ ನೋಡಲು ನಾನೂ ಬರುತ್ತೇನೆ ಎಂದಾಗಲೆಲ್ಲ, "ನೀನು ಬಾಯಿ ಮುಚ್ಚಿಕೊಂಡು ಇರಲ್ಲ, ಹಕ್ಕಿ ಹಾರಿಹೋಗ್ತವೆ" ಅನ್ನುತ್ತಿದ್ದಿರಿ.

ನಿಮ್ಮ ಗುಂಪಿನವರು ನೀರುಕಾಗೆಗಳನ್ನು ನೋಡುತ್ತಾ ನಿಂತಿದ್ದರು. ನಾನು ಯಾರೆಂದು ಹೇಳಿದ್ದೇ ತಡ, ನೀವು ಹೇಳುತ್ತಿದ್ದ ಆ ನಿವೃತ್ತ ಮೇಷ್ಟ್ರು ಗಾಬರಿಯಿಂದ ತಮ್ಮ ಸ್ಟೂಲು ಬಿಟ್ಟುಕೊಟ್ಟರು.

"ಅಯ್ಯೋ, ನೀವು ನಡೀತೀರೇನಮ್ಮ? ನಿಮ್ಮ ಕಾಲು ಸ್ವಾಧೀನದಲ್ಲಿಲ್ಲ ಅಂತಿದ್ರಲ್ಲ ನಿಮ್ಮ ಯಜಮಾನ್ರು! ಹೆಂಡತಿ ಸೇವೆ ಮಾಡಿ ಮಾಡಿ ಸವೆದುಹೋದ್ರು. ದೇವರಂಥ ಮನುಷ್ಯ."

ನಿಮಗಾಗಿ ಆಸ್ಪತ್ರೆಯ ಮೂರು ಮಹಡಿ ದಿನಕ್ಕೆ ನಾಲ್ಕು ಸಲ ಹತ್ತಿಳಿದ ಕಾಲಿದು. ಗುಂಪಿನವರು ಯಾರೂ ನೋಡಲು ಬರಬಾರದೆಂದು ನೀವು ಆಗ ಹಟ ಹಿಡಿದದ್ದು ಏಕೆಂದು ಈಗ ತಿಳಿಯಿತು. ನನ್ನನ್ನು ಕರೆತರುವುದಕ್ಕಿಂತ ಕುಂಟಿ ಮಾಡುವುದೇ ನಿಮಗೆ ಸುಲಭವಾಯಿತೇ?

ನಿಜ ನಾಲಿಗೆಯ ತುದಿಗೆ ಬಂದಿತ್ತು. "ಈಗ ಸ್ವಲ್ಪ ಪರವಾಗಿಲ್ಲ" ಎಂದೆ.

ಹೊರಟಾಗ ಅವರೆಲ್ಲ ಕನಿಕರದಿಂದ ನನ್ನನ್ನೇ ನೋಡುತ್ತಿದ್ದರು. ರಸ್ತೆಯ ತಿರುವು ದಾಟುವವರೆಗೂ, ರಸ್ತೆಬದಿಯ ಕಂಬಿ ಹಿಡಿದುಕೊಂಡು, ಎಡಗಾಲು ಎಳೆಯುತ್ತಾ ನಡೆದೆ.